ನೌಕರರ ಮುಂಜಾಗ್ರತಾ ಆರೋಗ್ಯ ತಪಾಸಣೆ ಮತ್ತು ಮಾಲೀಕರ ವೈದ್ಯಕೀಯ ವೆಚ್ಚ: ಒಂದು ಅವಲೋಕನ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025 ರಂದು ಜಾರಿಗೆ ಬಂದಿರುತ್ತದೆ. ನಿಯಮಗಳಲ್ಲಿ ಗೊತ್ತುಪಡಿಸಲಾಗುವ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಪ್ರತಿ ವರ್ಷ ಉಚಿತವಾಗಿ ಆರೋಗ್ಯ ತಪಾಸಣೆ ಮಾಡಿಸುವುದು ಈ ಸಂಹಿತೆಯನ್ವಯ ಮಾಲೀಕರ ಕರ್ತವ್ಯವಾಗಿದೆ. 40 ವರ್ಷ ಮೀರಿದ ಕಾರ್ಮಿಕರಿಗೆ ಈ ಸೌಲಭ್ಯ ದೊರೆಯಲಿದೆ ಎಂದು ಕೇಂದ್ರ ಸರ್ಕಾರವು ಪ್ರಕಟಿಸಿರುತ್ತದೆ. ಹಿಂದಿನ ಕಾರ್ಖಾನೆಗಳ ಅಧಿನಿಯಮ, 1948ರಲ್ಲಿ ಅಪಾಯಕಾರಿ ಪ್ರಕ್ರಿಯೆಗಳಲ್ಲಿ ತೊಡಗಿದ್ದ ಕಾರ್ಮಿಕರಿಗೆ 12 ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ಕಡ್ಡಾಯವಾಗಿತ್ತು. ಅದರ ವ್ಯಾಪ್ತಿಯು ಈಗ ಹಿಗ್ಗಿದೆ. ಇದು ಮಾಲೀಕರಿಗೆ ಹೆಚ್ಚುವರಿ ಹೊರೆಯೇ ಅಥವಾ ಉಳಿತಾಯದ ಮಾರ್ಗವೇ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಮಾಲೀಕರ ವೆಚ್ಚದ ಸ್ವರೂಪ

ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಯೋಜನೆಯಲ್ಲಿ 2019ರ ಜುಲೈ 1 ರಿಂದ ಮಾಲೀಕರ ವಂತಿಗೆ ವೇತನದ ಶೇಕಡ 3.25 ಹಾಗೂ ನೌಕರರ ವಂತಿಗೆ ಶೇಕಡ 0.75 ಆಗಿದೆ. ಮಾಸಿಕ ರೂ. 20,000 ವೇತನದ ನೌಕರನಿಗೆ ಮಾಲೀಕರು ರೂ. 650 ಹಾಗೂ ನೌಕರನು ರೂ. 150 ಪಾವತಿಸಬೇಕಾಗುತ್ತದೆ. ನೌಕರರು ಆರೋಗ್ಯವಂತರಾಗಿದ್ದರೂ ಈ ದರವು ಕಡಿಮೆಯಾಗುವುದಿಲ್ಲ. ಆದುದರಿಂದ ಉಳಿತಾಯವನ್ನು ವಂತಿಗೆಯಲ್ಲಿ ಹುಡುಕಿದರೆ ಅದು ಕಾಣುವುದಿಲ್ಲ. ಗೈರುಹಾಜರಿ, ಬದಲಿ ಕೆಲಸಗಾರರ ನೇಮಕ, ಹೆಚ್ಚುವರಿ ಅವಧಿಯ ವೇತನ ಹಾಗೂ ನುರಿತ ಕೆಲಸಗಾರರ ನಿರ್ಗಮನ, ಇವುಗಳಿಂದಾಗುವ ನಷ್ಟವನ್ನು ತಗ್ಗಿಸುವುದೇ ನಿಜವಾದ ಉಳಿತಾಯವಾಗಿದೆ. ಸಮೂಹ ಆರೋಗ್ಯ ವಿಮೆ ಪಡೆದಿರುವ ಸಂಸ್ಥೆಗಳಲ್ಲಿ ಮಾತ್ರ ಹಿಂದಿನ ವರ್ಷದ ಚಿಕಿತ್ಸಾ ಬೇಡಿಕೆಗಳು ಮುಂದಿನ ವರ್ಷದ ಪ್ರೀಮಿಯಂ ಮೇಲೆ ನೇರ ಪರಿಣಾಮ ಬೀರುತ್ತವೆ.

2. ನೌಕರರಿಗಾಗುವ ನಷ್ಟ

ಇ.ಎಸ್.ಐ. ಅನಾರೋಗ್ಯ ಭತ್ಯೆಯು ವೇತನದ ಶೇಕಡ 70 ರಷ್ಟಿದ್ದು, ವರ್ಷಕ್ಕೆ ಗರಿಷ್ಠ 91 ದಿನಗಳಿಗೆ ದೊರೆಯುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಭತ್ಯೆ ಇರುವುದಿಲ್ಲ. ರೂ. 20,000 ವೇತನದ ನೌಕರನು ಒಂದು ತಿಂಗಳು ಹಾಸಿಗೆ ಹಿಡಿದರೆ ಅವನ ಕುಟುಂಬಕ್ಕೆ ಕನಿಷ್ಠ ರೂ. 6,000 ಕೊರತೆಯಾಗುತ್ತದೆ. ಆದುದರಿಂದ ರೋಗವನ್ನು ಮೊದಲೇ ಪತ್ತೆ ಹಚ್ಚುವುದು ಉಭಯರಿಗೂ ಹಿತಕರ.

3. ತಪಾಸಣೆಯ ಅಗತ್ಯ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಮಧುಮೇಹ ಹಾಗೂ ಶೇಕಡ 35.5 ಮಂದಿಗೆ ಅಧಿಕ ರಕ್ತದೊತ್ತಡ ಇರುವುದಾಗಿ ಅಂದಾಜಿಸಿದೆ. ಇವೆರಡೂ ಬಹುಕಾಲ ಯಾವುದೇ ಲಕ್ಷಣ ತೋರದೆ, ಅನಂತರ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡ ವೈಫಲ್ಯಗಳಿಗೆ ಕಾರಣವಾಗಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15 ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಸಿದ್ಧ ಉಡುಪು ಕಾರ್ಖಾನೆಗಳಂತಹ, ಮಹಿಳೆಯರೇ ಹೆಚ್ಚಾಗಿ ದುಡಿಯುವ ಕಡೆಗಳಲ್ಲಿ ಇದು ಗಮನಾರ್ಹ ಅಂಶವಾಗಿದೆ.

4. ತಪಾಸಣೆಯೊಂದೇ ಸಾಲದು

ಅಮೆರಿಕದ ಒಂದು ಚಿಲ್ಲರೆ ಮಾರಾಟ ಸಂಸ್ಥೆಯ ಸುಮಾರು 33,000 ನೌಕರರನ್ನು ಒಳಗೊಂಡು ನಡೆಸಲಾದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಆರೋಗ್ಯ ಕಾರ್ಯಕ್ರಮವಿದ್ದ ಕಡೆಗಳಲ್ಲಿ ವ್ಯಾಯಾಮ ಮುಂತಾದ ಅಭ್ಯಾಸಗಳು ಉತ್ತಮಗೊಂಡವೆಂದು ನೌಕರರು ತಿಳಿಸಿದರೂ, 18 ತಿಂಗಳ ನಂತರ ವೈದ್ಯಕೀಯ ವೆಚ್ಚದಲ್ಲಾಗಲಿ ಗೈರುಹಾಜರಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ತ್ವರಿತ ಉಳಿತಾಯವನ್ನು ನಿರೀಕ್ಷಿಸುವುದು ಸೂಕ್ತವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ವರ್ಷಕ್ಕೊಮ್ಮೆ ಶಿಬಿರ ನಡೆಸಿ ವರದಿಗಳನ್ನು ಕಡತದಲ್ಲಿರಿಸಿದರೆ ವೆಚ್ಚ ಮಾತ್ರ ಉಳಿಯುತ್ತದೆ, ಪ್ರಯೋಜನ ಉಂಟಾಗುವುದಿಲ್ಲ.

5. ಮಾಲೀಕರು ಅನುಸರಿಸಬಹುದಾದ ಕ್ರಮಗಳು

ಅ) ದೋಷ ಕಂಡುಬಂದ ನೌಕರರನ್ನು ಇ.ಎಸ್.ಐ. ಚಿಕಿತ್ಸಾಲಯಕ್ಕೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಚಿಕಿತ್ಸೆ ಮುಂದುವರಿದಿರುವುದನ್ನು ಖಚಿತಪಡಿಸಿಕೊಳ್ಳುವುದು.
ಆ) ಔಷಧ ಪಡೆಯಲು ಹೋಗುವ ದಿನ ವೇತನ ಕಡಿತವಾಗದಂತೆ ಅನುಮತಿ ನೀಡುವುದು.
ಇ) ಶುದ್ಧ ಕುಡಿಯುವ ನೀರು, ಸ್ವಚ್ಛ ಶೌಚಾಲಯ ಹಾಗೂ ಅವುಗಳ ಬಳಕೆಗೆ ಸಾಕಷ್ಟು ಬಿಡುವು ಒದಗಿಸುವುದು.
ಈ) ತಪಾಸಣಾ ವರದಿಯನ್ನು ಗೋಪ್ಯವಾಗಿರಿಸಿ, ಅದರ ಪ್ರತಿಯನ್ನು ನೌಕರರಿಗೆ ನೀಡುವುದು. ಕೆಲಸ ಹೋಗುವ ಭಯವಿದ್ದಲ್ಲಿ ನೌಕರರು ರೋಗವನ್ನು ಮರೆಮಾಚುವರು. ಆಗ ಇಡೀ ವ್ಯವಸ್ಥೆಯೇ ನಿಷ್ಫಲವಾಗುವುದು.

6. ನೌಕರರ ಗಮನಕ್ಕೆ

ನೌಕರರು ತಮ್ಮ ವಿಮಾ ಸಂಖ್ಯೆ, ಕುಟುಂಬದ ಸದಸ್ಯರ ವಿವರ ಮತ್ತು ನಿಗದಿತ ಚಿಕಿತ್ಸಾಲಯ ಸರಿಯಾಗಿ ದಾಖಲಾಗಿರುವುದನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಅನಾರೋಗ್ಯ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಪಾವತಿಯಾಗಿರಬೇಕು. ವೇತನದಿಂದ ವಂತಿಗೆ ಕಡಿತವಾಗಿದ್ದರೂ ಅದು ಖಾತೆಗೆ ಜಮೆಯಾಗದಿದ್ದಲ್ಲಿ, ಚಿಕಿತ್ಸೆಯ ಅಗತ್ಯ ಬೀಳುವವರೆಗೆ ಕಾಯದೆ, ವೇತನ ಚೀಟಿಯೊಂದಿಗೆ ಸಂಬಂಧಿಸಿದ ಇ.ಎಸ್.ಐ. ಕಚೇರಿಗೆ ಲಿಖಿತ ದೂರು ಸಲ್ಲಿಸಲು ಕೋರಲಾಗಿದೆ.