ಮುಟ್ಟದೆ ಕುಸ್ತಿ ಇಲ್ಲ

ನಮ್ಮ ಬೆಂಗಳೂರಿನ ಉಳ್ಳವರ ಮಕ್ಕಳಿಗೆ ಹೊಸದೊಂದು ತೀರ್ಥಯಾತ್ರೆ ಸಿಕ್ಕಿದೆ. ಕಾಶಿ ಅಲ್ಲ, ರಾಮೇಶ್ವರ ಅಲ್ಲ. ರಿಯೋ ಡಿ ಜನೈರೊ, ಲಿಸ್ಬನ್, ಬಾಲಿ. ಬೆನ್ನಿಗೊಂದು ಚೀಲ, ಚೀಲದೊಳಗೆ ದಪ್ಪ ನೂಲಿನ ಅಂಗಿ, ಸೊಂಟಕ್ಕೆ ಕಟ್ಟುವ ಬಣ್ಣದ ಪಟ್ಟಿ. ಹೋಗೋದು ದೇವರ ದರ್ಶನಕ್ಕಲ್ಲ, ಕುಸ್ತಿ ಕಲಿಯೋದಕ್ಕೆ. ಆ ಕುಸ್ತಿಯ ಹೆಸರು ಬ್ರೆಜಿಲಿಯನ್ ಜಿಯು-ಜಿತ್ಸು. ಹೋಗಿ ಬಂದವರೆಲ್ಲ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: ಯಾವ ದೇಶಕ್ಕೆ ಹೋದರೂ ನನಗೊಂದು ಕುಟುಂಬ ಸಿಕ್ಕಿತು, ಚಾಪೆಯ ಮೇಲೆ ಜಾತಿ ಇಲ್ಲ, ದೇಶ ಇಲ್ಲ, ಎಲ್ಲರೂ ಒಂದೇ.

ಸಂತೋಷ. ಈ ಮಾತನ್ನು ನಾನು ಗೇಲಿ ಮಾಡೋದಿಲ್ಲ. ಪರೀಕ್ಷೆ ಮಾಡದೆ ಬಿಡೋದೂ ಇಲ್ಲ.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಹುಡುಗರಿಗೆ ಈ ವಿದ್ಯೆಯ ಬಗ್ಗೆ ಮೊದಲು ಎರಡು ಮಾತು. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗೀತು. ಚಿತ್ ಆದವನು ಮಣ್ಣು ಕೊಡವಿಕೊಂಡು ಹೊರಗೆ ನಡೀಬೇಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಹುಟ್ಟಿದ್ದು ಅದಕ್ಕೇ. ಜಿಯು-ಜಿತ್ಸುವಿನಲ್ಲಿ ಹಾಗಲ್ಲ. ಕೆಳಗೆ ಬಿದ್ದ ಮೇಲೇ ನಿಜವಾದ ಆಟ. ಬೆನ್ನು ನೆಲಕ್ಕೆ ಕೊಟ್ಟು ಮಲಗಿದವನೇ ಮೇಲೆ ಕೂತವನ ಕತ್ತನ್ನೋ ತೋಳನ್ನೋ ಸಿಕ್ಕಿಸಿ ಗೆಲ್ಲಬಹುದು. ತಾಳಲಾರದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಹಿಡಿದವನು ಬಿಡಬೇಕು. ತಲೆತಲಾಂತರದಿಂದ ಕೆಳಗೆ ಬಿದ್ದವರೇ ತುಂಬಿರುವ ನಮ್ಮ ಕೇರಿಗಳಿಗೆ ಇದಕ್ಕಿಂತ ತಕ್ಕ ವಿದ್ಯೆ ಯಾವುದಿದೆ ಹೇಳಿ.

ದರ್ಜೆ ತಿಳಿಯೋದು ಸೊಂಟದ ಪಟ್ಟಿಯ ಬಣ್ಣದಿಂದ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಬಿಳಿ ಎಲ್ಲಕ್ಕಿಂತ ಕೆಳಗೆ, ಕಪ್ಪು ಮೇಲೆ. ಇದೂ ಒಂದು ಏಣಿಯೇ. ಆದರೆ ಹತ್ತು ವರ್ಷ ಬೆವರು ಸುರಿಸಿದವನು ಹತ್ತಬಹುದಾದ ಏಣಿ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಕರೆದ ನಮ್ಮ ದೇಶದ ಏಣಿಯಲ್ಲಿ ನೂರು ತಲೆಮಾರು ಬೆವರು ಸುರಿಸಿದರೂ ಒಂದು ಮೆಟ್ಟಿಲು ಹತ್ತುವ ಹಾಗಿಲ್ಲ.

ಇನ್ನೂ ಒಂದು ಮಾತಿದೆ, ಅದೇ ಮುಖ್ಯ. ಕ್ರಿಕೆಟ್ಟಿನಲ್ಲಿ ನಡುವೆ ಚೆಂಡಿದೆ. ಬ್ಯಾಡ್ಮಿಂಟನ್ನಿನಲ್ಲಿ ನಡುವೆ ಬಲೆ ಇದೆ. ಕುಸ್ತಿಯಲ್ಲಿ ನಡುವೆ ಏನೂ ಇಲ್ಲ. ಒಬ್ಬನ ಬೆವರು ಇನ್ನೊಬ್ಬನ ಕಣ್ಣಿಗೆ ಇಳಿಯಬೇಕು. ಒಬ್ಬನ ಉಸಿರು ಇನ್ನೊಬ್ಬನ ಕಿವಿಗೆ ಬಡೀಬೇಕು. ಬೇರೆ ದೇಶದಲ್ಲಿ ಇದು ಬರೀ ಆಟ. ನೆರಳು ಬಿದ್ದರೂ ಮೈಲಿಗೆ ಅಂದ ದೇಶದಲ್ಲಿ ಇದು ರಾಜಕೀಯ.

ನಾನಿರೋದು ನಗರ್ತಪೇಟೆಯ ಒಂದು ಗಲ್ಲಿಯಲ್ಲಿ. ಹಗಲೆಲ್ಲ ಇಲ್ಲಿ ಬಟ್ಟೆ ಬೇಲು ಹೊತ್ತವರ ನಡುವೆ ನುಸುಳಿಕೊಂಡೇ ನಡೀಬೇಕು. ಹಮಾಲರ ಕತ್ತು ನೋಡಿದರೆ ಯಾವ ಪೈಲ್ವಾನನ ಕತ್ತಿಗೂ ಕಮ್ಮಿ ಇಲ್ಲ. ಅದಕ್ಕೆ ಯಾರೂ ಪಟ್ಟಿ ಕಟ್ಟಿಲ್ಲ, ಅಷ್ಟೇ. ಈ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದಲೇ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಹೂವು ತರಕಾರಿ ಬೆಳೆಯುವ ತಿಗಳರ ಹಬ್ಬ ಅದು. ಬರಿಮೈಯಲ್ಲಿ ಕತ್ತಿ ಹಿಡಿದ ವೀರಕುಮಾರರು ಕರಗದ ಸುತ್ತ ನಡೀತಾರೆ. ಆ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅಂಥ ಮೈಕಟ್ಟು ಬೆಳೆದದ್ದು ಪೇಟೆಯ ಗರಡಿಮನೆಗಳಲ್ಲಿ. ಜರಡಿ ಹಿಡಿದು, ಎಣ್ಣೆ ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಗೋಡೆಗೊರಗಿಸಿದ ಗದೆ, ಮೂಲೆಯಲ್ಲಿ ಆಂಜನೇಯನ ಪಟ. ಕಲಿಸುವವನು ಉಸ್ತಾದ್, ಕಲಿತವನು ಪೈಲ್ವಾನ್. ಎರಡೂ ಪಾರಸಿಯಿಂದ ಬಂದ ಮಾತು. ಅಂದರೆ ಕುಸ್ತಿಗಾಗಿ ದೇಶ ದೇಶ ಸುತ್ತುವುದು ಹೊಸದೇನಲ್ಲ. ವಿಮಾನ ಇಲ್ಲದ ಕಾಲದಲ್ಲೇ ಪಟ್ಟುಗಳು ಕಾಲ್ನಡಿಗೆಯಲ್ಲಿ ಬಂದು ನಮ್ಮ ಗಲ್ಲಿ ಸೇರಿವೆ.

ಹಾಗಂತ ನಾನು ಗರಡಿಯ ಭಜನೆ ಮಾಡೋದಕ್ಕೆ ಕೂತಿಲ್ಲ. ಹಳೆಯದೆಲ್ಲ ಚಿನ್ನ ಅನ್ನೋರು ಬೇರೆ ಇದ್ದಾರೆ, ಅವರ ಪತ್ರಿಕೆಗಳೂ ಬೇರೆ ಇವೆ. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವವರು ಜಟ್ಟಿ ಜನಾಂಗದವರು. ಕಾದಾಟಕ್ಕೂ ಇಲ್ಲಿ ಕುಲ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಗರಡಿ ಹೆಣ್ಣುಮಕ್ಕಳನ್ನು ಬ್ರಹ್ಮಚರ್ಯದ ಹೆಸರಲ್ಲಿ ಹೊರಗಿಟ್ಟಿತು. ಜಿಯು-ಜಿತ್ಸುವಿನ ಚಾಪೆಯ ಮೇಲೆ ಹೆಣ್ಣು ಗಂಡು ಇಬ್ಬರೂ ಕಲೀತಾರೆ. ಈ ವಿಷಯದಲ್ಲಿ ನಮ್ಮ ಮಣ್ಣಿಗಿಂತ ಅವರ ಚಾಪೆ ಮೇಲು. ಒಪ್ಪಿಕೊಳ್ಳೋಣ.

ನಮ್ಮೂರಲ್ಲಿ ಜಾತ್ರೆಯ ಕುಸ್ತಿ ನಡೆಯುವಾಗ ನಮ್ಮ ಜನ ಕಣದ ಹೊರಗೆ ತಮಟೆ ಬಡೀತಿದ್ದರು. ತಮಟೆ ಇಲ್ಲದೆ ಪೈಲ್ವಾನನಿಗೆ ಕಾವು ಬರೋದಿಲ್ಲ. ಚರ್ಮ ಹದ ಮಾಡಿದವರು ನಾವು, ಬೆಂಕಿಗೆ ಹಿಡಿದು ಕಾಯಿಸಿದವರು ನಾವು, ಬೆರಳು ಒಡೆಯುವ ಹಾಗೆ ಬಡಿದವರು ನಾವು. ತೊಡೆ ತಟ್ಟುವವರು ಮಾತ್ರ ಅವರು. ನಮ್ಮ ಸದ್ದು ಒಳಗೆ ಹೋಗಬಹುದಿತ್ತು, ಮೈ ಹೋಗುವ ಹಾಗಿರಲಿಲ್ಲ. ಇದನ್ನು ಓದುತ್ತಿರುವ ಎಷ್ಟು ಊರಿನ ಗೆಳೆಯರಿಗೆ ಇದು ತಮ್ಮೂರಿನ ಮಾತೂ ಹೌದು ಅನ್ನಿಸುತ್ತದೋ ನನಗೆ ಗೊತ್ತು.

‘ಅದೆಲ್ಲ ಹಳ್ಳಿಯ ಕತೆ, ಆಟಕ್ಕಿಳಿದರೆ ಜಾತಿ ತಾನೇ ಉದುರಿ ಹೋಗುತ್ತೆ’ ಅನ್ನೋರಿಗೆ ಪಾಲ್ವಂಕರ್ ಬಾಳೂ ಅವರ ಹೆಸರು ನೆನಪು ಮಾಡ್ತೀನಿ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಾ, ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡು ಎಸೆಯುತ್ತಾ ದೊಡ್ಡ ಬೌಲರ್ ಆದವರು. ಬಿಳಿಯರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂಗಳಿಗೆ ಈ ಕೈ ಬೇಕಾಯಿತು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ? ಬಾಳೂ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇದೇ ಬಾಳೂ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಸಮುದ್ರ ದಾಟಿದರು, ಲೋಕ ಸುತ್ತಿದರು, ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ತಮ್ಮ ವಿಠ್ಠಲನಿಗೆ ಅದು ಸಿಗೋದಕ್ಕೆ 1923 ಆಗಬೇಕಾಯಿತು. ಅದೂ ಪುಕ್ಕಟೆ ಸಿಗಲಿಲ್ಲ. ಅಣ್ಣತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತು ಪಡೆದದ್ದು.

ಆಟ ಜಾತಿಯನ್ನು ತೊಳೆಯೋದಿಲ್ಲ, ಗೆಳೆಯರೇ. ಆಟ ಒಂದು ಬಾಗಿಲು ತೆರೆಯುತ್ತದೆ ಅಷ್ಟೇ. ಆ ಬಾಗಿಲಿನಿಂದ ಒಳಗೆ ಬರುವವರು ಯಾರು, ಬಂದವರಿಗೆ ಯಾವ ಲೋಟದಲ್ಲಿ ನೀರು ಕೊಡ್ತಾರೆ ಅನ್ನೋದು ಬೇರೆ ಜಗಳ. ನಾನು ಈ ಪೇಟೆಗೆ ಬಂದು ಬಾಡಿಗೆಗೆ ಕೋಣೆ ಕೇಳಿದಾಗ ಮೊದಲು ಕೇಳಿದ ಪ್ರಶ್ನೆ ‘ನೀವು ಯಾವ ಜನ?’ ಕೆಲಸ ಏನು ಅಂತ ಆಮೇಲೆ ಕೇಳಿದರು. ರಿಯೋದ ಅಪರಿಚಿತನ ಬೆವರಿನಲ್ಲಿ ಹೊರಳಾಡಿ ‘ಕುಟುಂಬ ಸಿಕ್ಕಿತು’ ಅನ್ನುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಪಾತ್ರೆ ಉಜ್ಜುವಾಕೆಯ ಲೋಟ ಎಲ್ಲಿದೆ? ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆಕೆಗೆ ಯಾವ ಲಿಫ್ಟು? ಚಾಪೆಯ ಮೇಲೆ ಜಾತಿ ಇಲ್ಲ, ನಿಜ. ಯಾಕೆಂದರೆ ತಿಂಗಳಿಗೆ ಸಾವಿರ ಸಾವಿರ ಶುಲ್ಕ ಕೇಳಿ ಜಾತಿಯನ್ನು ಬಾಗಿಲಲ್ಲೇ ಸೋಸಿಬಿಟ್ಟಿದ್ದೀರಿ.

ಜಿಯು-ಜಿತ್ಸುವಿನ ಸ್ವಂತ ಚರಿತ್ರೆಯಲ್ಲೇ ಈ ಜಗಳ ಇದೆ. ಹೋಗಿ ಬಂದವರು ಹೇಳದ ಕತೆ ಅದು. ಮಿತ್ಸುಯೋ ಮಯೇಡಾ ಅನ್ನುವ ಜಪಾನಿ ಜುಡೊಗಾರ 1904ರಲ್ಲಿ ದೇಶ ಬಿಟ್ಟ. ಅಮೆರಿಕ, ಇಂಗ್ಲೆಂಡ್, ಕ್ಯೂಬಾ, ಮೆಕ್ಸಿಕೊ ಅಂತ ಕಾದಾಡುತ್ತಾ ಅಲೆದು 1914ರಲ್ಲಿ ಬ್ರೆಜಿಲ್ ಮುಟ್ಟಿದ. ಅಲ್ಲಿ ಅವನಿಂದ ಕಲಿತವರಲ್ಲಿ ಒಬ್ಬ ಕಾರ್ಲೋಸ್ ಗ್ರೇಸಿ. ಗ್ರೇಸಿ ಮನೆತನದವರು ರಿಯೋ ನಗರದಲ್ಲಿ ಶಾಲೆ ತೆರೆದರು. ಅಲ್ಲಿಗೆ ಬರುತ್ತಿದ್ದವರು ದುಡ್ಡಿದ್ದವರು, ಅಧಿಕಾರ ಇದ್ದವರು. ನಗರದ ಅಂಚಿನಲ್ಲಿ, ರೈಲು ಹಳಿಯ ಆಚೆಯ ಬಡವರ ಬಡಾವಣೆ ಬೆಂಟೊ ರಿಬೇರೊದಲ್ಲಿ ಇನ್ನೊಬ್ಬ ಗುರು ಇದ್ದ. ಓಸ್ವಾಲ್ಡೊ ಫಾಡಾ. 1921ರಲ್ಲಿ ಹುಟ್ಟಿದವನು. ಶುಲ್ಕ ಕೊಡಲಾರದವರಿಗೆ ಬಯಲಿನಲ್ಲಿ, ಕಡಲ ದಂಡೆಯಲ್ಲಿ ಪುಕ್ಕಟೆ ಕಲಿಸಿದ. 1950ರ ದಶಕದ ನಡುವಿನಲ್ಲಿ ಇವನ ಹುಡುಗರು ಗ್ರೇಸಿ ಶಾಲೆಗೆ ಸವಾಲು ಹಾಕಿ, ಅವರ ಚಾಪೆಯ ಮೇಲೇ ಅವರನ್ನು ಗೆದ್ದರು.

ಯಾವ ಪಟ್ಟಿನಿಂದ ಗೆದ್ದರು ಗೊತ್ತಾ? ಕಾಲಿನ ಪಟ್ಟಿನಿಂದ. ಎದುರಾಳಿಯ ಪಾದ ಹಿಡಿದು ತಿರುಚುವ ಪಟ್ಟು. ದೊಡ್ಡವರು ಆ ಪಟ್ಟನ್ನು ಕೀಳು ಅಂತ ಬಿಟ್ಟಿದ್ದರು. ಕೊಳಕು ಬಡಾವಣೆಯವರ ಪಟ್ಟು ಅಂತ ಮೂಗು ಮುರಿದರು. ಪಾದಕ್ಕೆ ಕೈ ಹಾಕುವವರನ್ನು ಬ್ರೆಜಿಲಿನಲ್ಲಿ ಒಂದು ಮಾತಿನಿಂದ ಹಂಗಿಸುತ್ತಿದ್ದರು: ‘ಸಪತೇರು’. ಹಾಗಂದರೆ ಅವರ ಭಾಷೆಯಲ್ಲಿ ಮೆಟ್ಟು ಹೊಲಿಯುವವನು.

ನಮ್ಮಜ್ಜ ಮೆಟ್ಟು ಹೊಲೀತಿದ್ದ. ಸಾವಿರಾರು ಮೈಲಿ ಆಚೆಯ ದೇಶದಲ್ಲಿ, ವೇದ ಓದದ ಬಾಯಿಗಳಲ್ಲಿ, ನಮ್ಮಜ್ಜನ ಕಸುಬೇ ಬೈಗುಳ. ಆ ಬೈಗುಳ ತಿಂದವರೇ ಗೆದ್ದರು. ಪಾದದಿಂದ ಶೂದ್ರ ಹುಟ್ಟಿದ, ನಾವು ಪಾದಕ್ಕೂ ಆಚೆ, ಅಂತ ಬರೆದಿಟ್ಟವರಿಗೆ ಪಾದದ ಬೆಲೆ ಗೊತ್ತಿರಲಿಲ್ಲ. ಮೆಟ್ಟು ಹೊಲಿದವನಿಗೆ ಗೊತ್ತು: ಮನುಷ್ಯ ಎಷ್ಟೇ ಎತ್ತರ ಇರಲಿ, ನಿಂತಿರೋದು ಅಷ್ಟಗಲದ ಅಟ್ಟೆಯ ಮೇಲೆ.

ಬಂಧುಬಳಗ ಹುಡುಕಿಕೊಂಡು ಬ್ರೆಜಿಲ್‌ವರೆಗೆ ಹೋಗುವವರಿಗೆ ಇನ್ನೊಂದು ದಾರಿ ತೋರಿಸ್ತೀನಿ. ಪೋರ್ತುಗೀಸರು ಆಫ್ರಿಕಾದ ಜನರನ್ನು ಹಡಗಿಗೆ ತುಂಬಿ ಬ್ರೆಜಿಲಿಗೂ ಸಾಗಿಸಿದರು, ಗೋವೆಗೂ ಸಾಗಿಸಿದರು. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಿದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರಲ್ಲಿ, ಆ ಗುಲಾಮರ ನಡುವೆ ಬೆಳೆದ ಕಪೋಯೆರ ಅನ್ನುವ ಕಾದಾಟವನ್ನು ಅಪರಾಧ ಅಂತ ಕಾನೂನು ಮಾಡಿದರು. ಮೈ ಬಿಡುಗಡೆ ಆಯ್ತು, ಮೈಯ ವಿದ್ಯೆಗೆ ಸಂಕೋಲೆ ಬಿತ್ತು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ನಮ್ಮ ಉತ್ತರ ಕನ್ನಡದ ಸಿದ್ದಿಗಳಲ್ಲಿದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸೋದಕ್ಕೆ ಸರ್ಕಾರಕ್ಕೆ 2003ರವರೆಗೆ ಬೇಕಾಯಿತು. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಿತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಹಳಿಯಾಳ ಇವತ್ತಿಗೂ ಕುಸ್ತಿಯ ಊರು, ಅಲ್ಲಿ ಹೆಣ್ಣುಮಕ್ಕಳೂ ಕಣಕ್ಕೆ ಇಳೀತಾರೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ರಿಯೋದ ಅಣ್ಣತಮ್ಮಂದಿರು ಇಲ್ಲೇ ಇದ್ದಾರೆ, ಕನ್ನಡದಲ್ಲೇ ಮಾತಾಡಿಸ್ತಾರೆ. ಎಷ್ಟು ಜನ ಹೋಗಿದ್ದೀರಿ?

ಪ್ರಯಾಣ ಬೇಡ ಅನ್ನೋ ಮಾತಲ್ಲ ಇದು. ಊರೊಳಗೆ ಮೆಟ್ಟು ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ನಾವು. ಪ್ರಯಾಣದ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಹುಡುಗ ಹುಡುಗಿಯರ ಕೈಗೂ ಪಾಸ್‌ಪೋರ್ಟ್ ಬರಬೇಕು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೇ ಜು-ಜಿತ್ಸು ಬಂದಾಗಿದೆ. ನಾಳೆಯ ಪದಕಗಳೂ ಶುಲ್ಕ ಕಟ್ಟಬಲ್ಲವರ ಮನೆಗೇ ಹೋಗಬೇಕಾ?

ಆದ್ದರಿಂದ ಕೇಳೋದನ್ನು ನೇರವಾಗಿ ಕೇಳ್ತೀನಿ. ಲೋಕ ಸುತ್ತಿ ಕಲಿತು ಬಂದವರೇ, ವಾರಕ್ಕೆ ಎರಡು ಸಂಜೆ ಕೊಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿದೆ, ಪಾಲಿಕೆ ಶಾಲೆಯ ಅಂಗಳ ಇದೆ, ಪೌರಕಾರ್ಮಿಕರ ಕಾಲೊನಿ ಇದೆ. ಫಾಡಾ ಬಯಲಿನಲ್ಲಿ ಕಲಿಸಿದ, ನಿಮಗೆ ಹವಾನಿಯಂತ್ರಣ ಯಾಕೆ ಬೇಕು? ಗರಡಿಯ ಹಿರಿಯರೇ, ಮಣ್ಣು ಒಣಗುತ್ತಿದೆ, ಹುಡುಗರು ಬರ್ತಿಲ್ಲ ಅಂತ ಕೊರಗಬೇಡಿ. ಕೇರಿಯ ಮಕ್ಕಳನ್ನು, ಹೆಣ್ಣುಮಕ್ಕಳನ್ನು ಕರೆದು ನೋಡಿ, ಮಣ್ಣು ತಾನೇ ಒದ್ದೆಯಾಗುತ್ತದೆ. ಮೇಷ್ಟರೇ, ಶಾಲೆಯ ಆಟದ ಪೀರಿಯಡ್ಡಿನಲ್ಲಿ ಯಾರು ಯಾರ ಕೈ ಹಿಡೀತಾರೆ, ಯಾರು ಹಿಡಿಯೋದಿಲ್ಲ ಅನ್ನೋದನ್ನು ಗಮನಿಸಿ. ಜೋಡಿ ಕಟ್ಟುವುದು ನಿಮ್ಮ ಕೈಯಲ್ಲಿದೆ. ಮುಟ್ಟದವರನ್ನೇ ಜೋಡಿ ಕಟ್ಟಿ.

ಕೇರಿಯ ತಮ್ಮಂದಿರೇ, ತಂಗಿಯರೇ. ನಮ್ಮ ಹಿರಿಯರು ಕಾಲು ಹಿಡಿದದ್ದು ಸಾಲಕ್ಕೆ, ಕೂಲಿಗೆ, ಮಾಡದ ತಪ್ಪಿನ ಕ್ಷಮೆಗೆ. ನೀವು ಹಿಡಿಯುವ ಕಾಲು ಎದುರಾಳಿಯದಾಗಲಿ. ಅವನು ತಟ್ಟುವ ತನಕ ಬಿಡಬೇಡಿ. ತಟ್ಟಿದ ತಕ್ಷಣ ಬಿಟ್ಟು, ಕೈ ಕೊಟ್ಟು ಎಬ್ಬಿಸಿ. ಆಮೇಲೆ ಇಬ್ಬರೂ ಒಂದೇ ಚೊಂಬಿನಲ್ಲಿ ನೀರು ಕುಡೀರಿ. ಅವನು ಕುಡಿಯೋದಿಲ್ಲ ಅಂದರೆ, ಕುಸ್ತಿ ಇನ್ನೂ ಮುಗಿದಿಲ್ಲ.