ಗುಜರಿ ಅಂದವರು ಯಾರು?

ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವನಿಗೆ ಊರಿಗೆ ಹೋದಾಗ ಕೇಳುವ ಪ್ರಶ್ನೆಗಳು ಬಾಯಿಪಾಠ. "ಇಂಥವರ ಮಗ ನಿಮ್ಮ ಕಡೆ ಇದ್ದಾನಂತಲ್ಲ, ಏನು ಮಾಡ್ತಾನೆ?" ಬ್ಯಾಂಕು ಎಂದರೆ ತಲೆಯಾಡಿಸುತ್ತಾರೆ. ಹೋಟೆಲು ಎಂದರೆ "ಸ್ವಂತದ್ದಾ?" ಅಂತಾರೆ. ಗ್ಯಾರೇಜು ಎಂದರೆ ಮಾತು ತಟ್ಟನೆ ಮಳೆ-ಬೆಳೆಯ ಕಡೆ ತಿರುಗುತ್ತದೆ. ಹೀಗೆ ಮಾತು ತಿರುಗಿಸುವ ಚಟದ ಮೇಲೆಯೇ ನನ್ನ ಜಗಳ. ಜಗಳದಲ್ಲಿ ಮೊದಲ ಆರೋಪಿಯಾಗಿ ನಾನೇ ನಿಂತುಕೊಳ್ಳುತ್ತೇನೆ, ಆಮೇಲೆ ನಿಮ್ಮನ್ನು ಕರೆಯುತ್ತೇನೆ.

ಕುರ್ಲಾ ಎಂದರೆ ಊರಿನವರಿಗೆ ರೈಲು ನಿಲ್ಲುವ ಜಾಗ. ಪ್ರೀಮಿಯರ್ ಪದ್ಮಿನಿ ಕಾರು ತಯಾರಾಗುತ್ತಿದ್ದದ್ದು ಅದೇ ಕುರ್ಲಾದ ಕಾರ್ಖಾನೆಯಲ್ಲಿ. 2023ರ ಅಕ್ಟೋಬರ್ 30ಕ್ಕೆ ಆ ಟ್ಯಾಕ್ಸಿಗಳ ಕಾಲ ಮುಗಿದಾಗ ಪತ್ರಿಕೆಗಳೆಲ್ಲ ಕಣ್ಣೀರಿಟ್ಟವು. ಆದರೆ ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಹಳೇ ವಾಹನಗಳ ಬಿಡಿಭಾಗ ಬಿಚ್ಚಿ, ತೊಳೆದು, ಮತ್ತೆ ಬದುಕಿಸುವ ಕೈಗಳ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಕಾರಿಗೆ ಕಣ್ಣೀರು, ಕೈಗೆ ಮೂಗು ಮುರಿಯುವುದು. ಇದು ನಮ್ಮ ರೀತಿ.

2004ರ ಸುಮಾರಿಗೆ ನಾನು ಉಪನಗರದ ಒಂದು ಶಾಖೆಯಲ್ಲಿ ಸಾಲದ ಮೇಜಿನಲ್ಲಿದ್ದೆ. ಒಂದು ಮಧ್ಯಾಹ್ನ ಜತ್ತದ ಕಡೆಯ ಹುಡುಗ ಬಂದು ನಿಂತ. ಜತ್ತ ಸಾಂಗಲಿ ಜಿಲ್ಲೆಯದು, ಮಾತು ಮಾತ್ರ ನಮ್ಮದೇ. ನನ್ನ ಮೇಜಿನ ಮೇಲಿನ ಹೆಸರು ನೋಡಿ "ಸರ್, ಕನ್ನಡದಾಗ ಮಾತಾಡ್ಲೇನ್ರಿ?" ಎಂದ. ಬೇಕರಿಗಳಿಗೆ ಕಟ್ಟಿಗೆ ಸೀಳುವ ಯಂತ್ರ ಮಾಡಿದ್ದಾನಂತೆ. ಅಂಥದ್ದೇ ಇನ್ನೆರಡು ಮಾಡಲು ನಲವತ್ತು ಸಾವಿರ ಸಾಲ ಬೇಕು. ಪಾವ್ ಬೇಯಿಸುವ ಭಟ್ಟಿಗಳಿಗೆ ದಿನವೂ ಕಟ್ಟಿಗೆ ಬೇಕಿದ್ದ ಕಾಲ ಅದು. ಗಂಟುಬಿದ್ದ ಮಾವಿನ ದಿಮ್ಮಿ, ಹುಣಸೆ ಬೊಡ್ಡೆ ಕೊಡಲಿಗೆ ಜಗ್ಗುವುದಿಲ್ಲ, ಕೂಲಿಯವರ ಭುಜ ಬೀಳುತ್ತದೆ.

ನಾನು ಹೋಗಿ ನೋಡಿದೆ. ಗುಜರಿಗೆ ಬಂದ ಬಜಾಜ್ ಚೇತಕ್ ಸ್ಕೂಟರಿನ ಇಂಜಿನ್. ಯಾಕಪ್ಪಾ ಸ್ಕೂಟರಿನದೇ ಎಂದು ಕೇಳಿದೆ. ಅವನು ಕೊಟ್ಟ ಉತ್ತರ ನನ್ನ ಎಂ.ಕಾಂ.ನಲ್ಲಿ ಇರಲಿಲ್ಲ. ಬೈಕಿನ ಇಂಜಿನ್ ಓಡುವಾಗ ಬೀಸುವ ಗಾಳಿಯಿಂದ ತಣ್ಣಗಾಗುತ್ತದೆ, ನಿಂತಲ್ಲೇ ಓಡಿಸಿದರೆ ಕಾದು ಕೂತುಬಿಡುತ್ತದೆ. ಸ್ಕೂಟರಿನದು ಮುಚ್ಚಿದ ಗೂಡಿನೊಳಗೆ ಇರುವುದರಿಂದ ಅದಕ್ಕೆ ತನ್ನದೇ ಫ್ಯಾನ್ ಇದೆ. ನಿಂತಲ್ಲೇ ದುಡಿಸಬಹುದು. ಗೇರು, ಕ್ಲಚ್ಚು ಒಳಗೇ ಇವೆ, ಬೇರೆ ಖರ್ಚಿಲ್ಲ. ಆ ಇಂಜಿನ್ನಿನಿಂದ ಚೈನು, ಚೈನಿನಿಂದ ಹಳೇ ಟ್ರಾಕ್ಟರಿನ ಹೈಡ್ರಾಲಿಕ್ ಪಂಪು, ಪಂಪಿನಿಂದ ನಾಲ್ಕಿಂಚಿನ ಸಿಲಿಂಡರು. ಸಿಲಿಂಡರಿನ ದಂಡ ದಿಮ್ಮಿಯನ್ನು ಎದುರಿನ ಉಕ್ಕಿನ ಬೆಣೆಗೆ ಒತ್ತುತ್ತದೆ. ಲೆಕ್ಕ ನೀವೇ ಹಾಕಿ: ನಾಲ್ಕಿಂಚು ವ್ಯಾಸವೆಂದರೆ ಸುಮಾರು 81 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡ ಕೊಟ್ಟರೆ 12 ಟನ್ನು. ಏಳೆಂಟು ಅಶ್ವಶಕ್ತಿಯ ಸ್ಕೂಟರು 12 ಟನ್ ಒತ್ತುವುದು ಪವಾಡವಲ್ಲ. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ಹಳೇ ವ್ಯಾಪಾರ. ದಿಮ್ಮಿ ನನ್ನ ಕಣ್ಣೆದುರೇ ಚಟಚಟ ಸೀಳಿತು.

ಮರುದಿನ ಅರ್ಜಿಯ ಮೇಲೆ ಏನು ಬರೆದೆ ಗೊತ್ತೇ? "ಅಧಿಕೃತ ಮಾರಾಟಗಾರರ ಕೊಟೇಶನ್ ಇಲ್ಲ." ವಾಪಸು ಕಳಿಸಿದೆ. ತಾನೇ ಮಾಡುವ ಯಂತ್ರಕ್ಕೆ ಕೊಟೇಶನ್ ಎಲ್ಲಿಂದ ತರಬೇಕು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ವಾರ ಹೊಸ ಕಾರಿಗೆ ಸಾಲ ಬೇಕೆಂದು ಬಂದವರಿಗೆ ಚಹಾ ತರಿಸಿ ಸಹಿ ಹಾಕಿಕೊಟ್ಟೆ. ಷೋರೂಮಿನಿಂದ ಹೊರಬಿದ್ದ ದಿನವೇ ಬೆಲೆ ಇಳಿಯುವ ವಸ್ತುವಿಗೆ ಸಾಲ ಉಂಟು, ದಿನಗೂಲಿ ದುಡಿದುಕೊಡುವ ಯಂತ್ರಕ್ಕೆ ಇಲ್ಲ. ನಿಯಮ ನನ್ನದಲ್ಲ, ನಿಜ. ಆದರೆ ಮೇಲಿನವರಿಗೆ "ಕಣ್ಣಾರೆ ನೋಡಿದ್ದೇನೆ, ಓಡುತ್ತದೆ" ಎಂದು ಒಂದು ಟಿಪ್ಪಣಿ ಬರೆಯಬಹುದಿತ್ತು. ಬರೆಯಲಿಲ್ಲ. ಅದು ನನ್ನದು.

ಈಗ ಕಾಲ ಬದಲಾಗಿದೆ ಅಂತೀರಾ? 2015ರಲ್ಲಿ ಮುದ್ರಾ ಯೋಜನೆ ಬಂತು. ಐವತ್ತು ಸಾವಿರದವರೆಗಿನ 'ಶಿಶು' ಸಾಲ ಇಂಥವರಿಗೆಂದೇ ಮಾಡಿದಂತಿದೆ. ಅದರ ಕಾಗದಪತ್ರಗಳ ಪಟ್ಟಿ ತೆಗೆದು ನೋಡಿ: ಕೊಳ್ಳುವ ಯಂತ್ರದ ಕೊಟೇಶನ್, ಮಾರುವವನ ಹೆಸರು, ಬೆಲೆ. ಕೊಳ್ಳುವವನಿಗೆ ಜಾಗವಿದೆ. ಮಾಡುವವನಿಗೆ ಕಾಲಮ್ಮೇ ಇಲ್ಲ.

ಇನ್ನು ನಮ್ಮ ಓದಿದವರ ಮನೆಗೆ ಬನ್ನಿ. ಮಕ್ಕಳ ಹುಟ್ಟುಹಬ್ಬಕ್ಕೆ ಗೋ-ಕಾರ್ಟ್ ಓಡಿಸಲು ಕರೆದೊಯ್ದು, ಹತ್ತು ನಿಮಿಷಕ್ಕೆ ನೂರಾರು ರೂಪಾಯಿ ತೆತ್ತು, ಫೋಟೋ ತೆಗೆದು ಊರಿಗೆ ಕಳಿಸುತ್ತೇವೆ. ಆ ಆಟಿಕೆಯ ಹುಟ್ಟು ಗೊತ್ತೇ? 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬ ರೇಸ್ ಕಾರು ಕಟ್ಟುವ ಕೆಲಸಗಾರ, ಹುಲ್ಲು ಕತ್ತರಿಸುವ ಯಂತ್ರದ ಮಾರಾಟವಾಗದೆ ಉಳಿದ ಇಂಜಿನ್ ತಂದು ಕೊಳವೆಗಳ ಚೌಕಟ್ಟಿಗೆ ಕೂರಿಸಿದ. ಜಗತ್ತಿನ ಮೊದಲ ಗೋ-ಕಾರ್ಟ್ ಅದೇ. ಅಮೆರಿಕದವನು ಮಾಡಿದರೆ ಆವಿಷ್ಕಾರ, ಕುರ್ಲಾದವನು ಮಾಡಿದರೆ 'ಜುಗಾಡ್'. ಈ ಶಬ್ದವನ್ನು ನಾವು ನಗುತ್ತಲೇ ಹೇಳುತ್ತೇವೆ. ಅದರಲ್ಲಿ ಮೆಚ್ಚುಗೆ ಎಷ್ಟಿದೆಯೋ ತಾತ್ಸಾರವೂ ಅಷ್ಟೇ ಇದೆ.

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳೂ ಗಾಡಿ ಕಟ್ಟುತ್ತಾರೆ, ಇಲ್ಲವೆನ್ನುವುದಿಲ್ಲ. 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಗೆ ಮುಂಬಯಿಯಿಂದಲೂ ತಂಡಗಳು ಹೋಗಿವೆ. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ 10 ಅಶ್ವಶಕ್ತಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಇಂಜಿನ್ ಇರುತ್ತಿತ್ತು, ಅದರೊಳಗೆ ಕೈ ಹಾಕುವಂತಿರಲಿಲ್ಲ. ಸ್ಪರ್ಧೆ ನ್ಯಾಯವಾಗಿರಲೆಂದು ಆ ನಿಯಮ, ಸರಿಯೇ. ಆದರೆ ಸತ್ತ ಇಂಜಿನ್ನನ್ನು ಬಿಚ್ಚಿ, ಪಿಸ್ಟನ್ ರಿಂಗ್ ಸವೆದಿದೆಯೋ ಕಾರ್ಬುರೇಟರ್ ಕಟ್ಟಿದೆಯೋ ಎಂದು ಹುಡುಕಿ ಬದುಕಿಸುವ ಪಾಠ ಎಲ್ಲಿ ಸಿಗುತ್ತದೆ? ಸಿ.ಎಸ್.ಟಿ. ರಸ್ತೆಯಲ್ಲಿ ಸಿಗುತ್ತದೆ. ಅಲ್ಲಿ ಪದವಿ ಕೊಡುವುದಿಲ್ಲ, ಅಷ್ಟೇ.

ಊರಿನವರೇ, ನಿಮಗೆ ನಿಮ್ಮದೇ ಕಥೆ ನೆನಪಿಸಲೇ? ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇದೇ ಮುಂಬಯಿಗೆ ಚಿತ್ರಕಲೆ ಕಲಿಯಲು ಬಂದರು. ಬಣ್ಣ ಸರಿಯಾಗಿ ಕಾಣದ ಕಣ್ಣು. ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿ, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರಾದರು. ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿ ಸೈಕಲ್ ಅಂಗಡಿ ನಡೆಸಿದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರೆ, ಕಬ್ಬಿಣ ಮಣ್ಣಿಗೆ ವಿಷವಾಗುತ್ತದೆಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಹೆಸರಿನ ಪಂಪ್‌ಸೆಟ್ಟು ಇಂದು ನಿಮ್ಮ ತೋಟದಲ್ಲಿ ನೀರೆತ್ತುತ್ತಿರಬಹುದು. ಮುಂಬಯಿಯ ನೌಕರಿ ಬಿಟ್ಟು ಸೈಕಲ್ ರಿಪೇರಿಗೆ ಕೂತವನಿಗೆ ಇಂದು ನೀವು ಹೆಣ್ಣು ಕೊಡುತ್ತೀರಾ? ಎದೆ ಮುಟ್ಟಿಕೊಂಡು ಹೇಳಿ.

ನನ್ನ ವಿರೋಧಿಗಳಿಗೂ ಒಂದು ಮಾತು ಉಂಟು: ಅಪಾಯ. ನಿಜ. ಬೆಣೆಗೂ ದಿಮ್ಮಿಗೂ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಮುಚ್ಚಿದ ಗಾಳೆಯಲ್ಲಿ ಪೆಟ್ರೋಲ್ ಇಂಜಿನ್ ಓಡಿಸಿದರೆ ವಾಸನೆಯಿಲ್ಲದ ವಿಷಗಾಳಿ ಕೊಲ್ಲುತ್ತದೆ. ಆದರೆ 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, 2020ರಲ್ಲಿ ಹೈದರಾಬಾದಿನ ಬಳಿ, ಗೋ-ಕಾರ್ಟಿನಲ್ಲಿ ಕೂದಲು ಸಿಕ್ಕಿ ಎರಡು ಜೀವ ಹೋದದ್ದು ಯಾರದೋ ಹಿತ್ತಿಲಲ್ಲಿ ಕಟ್ಟಿದ ಗಾಡಿಯಲ್ಲಲ್ಲ, ಟಿಕೇಟು ಹರಿದು ಕೊಡುವ ಜಾಗಗಳಲ್ಲಿ. ತಿರುಗುವ ಭಾಗಕ್ಕೆ ಮುಚ್ಚಳ ಬೇಕು. ಎರಡೂ ಕೈ ಹಿಡಿಯಲ್ಲಿದ್ದರೆ ಮಾತ್ರ ದಂಡ ಮುಂದೆ ಹೋಗಬೇಕು. ಹಿಡಿ ಬಿಟ್ಟ ಕೂಡಲೇ ನಿಲ್ಲಬೇಕು. ಇದನ್ನು ಕಲಿಸಬಹುದು, ಬಂದು ಪರೀಕ್ಷಿಸಬಹುದು. ಅದು ಬಿಟ್ಟು ಮಾಡುವುದೇ ಬೇಡ ಎಂದರೆ ಕದ್ದು ಮಾಡುತ್ತಾರೆ, ಮುಚ್ಚಳವಿಲ್ಲದೆ ಮಾಡುತ್ತಾರೆ. ರಸ್ತೆಗೆ ತರಬೇಡಿ ಎಂದು ಮೋಟಾರು ವಾಹನ ಕಾಯ್ದೆ ಹೇಳಿದರೆ ನನ್ನ ತಕರಾರಿಲ್ಲ. ಅಂಗಳದಲ್ಲಿ ಕಟ್ಟಿಗೆ ಸೀಳುವುದಕ್ಕೆ ಯಾಕೆ ಹಿಂಜರಿಕೆ?

ಇನ್ನೊಂದು ತಕರಾರು ಹೊಗೆಯದು. ಹಳೇ ಟೂ-ಸ್ಟ್ರೋಕ್ ಇಂಜಿನ್ ಎಣ್ಣೆ ಸುಡುತ್ತದೆ, ಒಪ್ಪಿದೆ. ಮುಂಬಯಿಯ ಬೇಕರಿಗಳು ಕಟ್ಟಿಗೆ, ಕಲ್ಲಿದ್ದಲು ಬಿಟ್ಟು ಶುದ್ಧ ಇಂಧನಕ್ಕೆ ತಿರುಗಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಹೇಳಿದ್ದೂ ಸರಿಯೇ. ಆದರೆ ಆ ಯಂತ್ರದಿಂದ ಇಂಜಿನ್ ಕಳಚಿ ವಿದ್ಯುತ್ ಮೋಟಾರು ಕೂರಿಸಿದರೆ ಪಂಪು, ಸಿಲಿಂಡರು, ಚೌಕಟ್ಟು ಹಾಗೇ ದುಡಿಯುತ್ತವೆ. ಕಟ್ಟಿಗೆಯೇ ಬೇಡವಾದರೆ ಅದೇ ದಂಡ ಬೇರೇನನ್ನೋ ಒತ್ತುತ್ತದೆ. ಮಾಡಿದವನಿಗೆ ಮಾರ್ಪಡಿಸುವುದೂ ಗೊತ್ತು. ಕೊಂಡವನು ಎಸೆಯುತ್ತಾನೆ.

ಕರ್ನಾಟಕದಲ್ಲಿ ಈ ಕೈ ಇನ್ನೂ ಸತ್ತಿಲ್ಲ. ಬಂಟ್ವಾಳ ತಾಲೂಕಿನ ಕೋಮಾಲೆಯ ಗಣಪತಿ ಭಟ್ಟರು ಸಣ್ಣ ಪೆಟ್ರೋಲ್ ಇಂಜಿನ್ ಕಟ್ಟಿಕೊಂಡು ಅಡಿಕೆ ಮರ ಏರುವ ಗಾಡಿ ಮಾಡಿ 2019ರಲ್ಲಿ ದೇಶವೇ ನೋಡುವಂತೆ ಮಾಡಿದರು. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಇಂಥ ರೈತರನ್ನು ಹುಡುಕಿ ಬರೆಯುತ್ತ ಬಂದಿದೆ. ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ತಾಲೂಕಿನ ಐ.ಟಿ.ಐ.ಯಲ್ಲಿ ವಾರಕ್ಕೊಂದು ದಿನ ಮನೆಯಲ್ಲಿ ಕಟ್ಟಿದ ಯಂತ್ರ ತಂದು ತೋರಿಸಿ, ಸುರಕ್ಷಿತವೆಂದು ಒಂದು ಚೀಟಿ ಪಡೆಯುವಂತಾಗಲಿ. ಬ್ಯಾಂಕು ಆ ಚೀಟಿಯನ್ನೇ ಕೊಟೇಶನ್ ಎಂದು ಒಪ್ಪಲಿ. ಇಷ್ಟೇ.

ಜತ್ತದ ಹುಡುಗ ಆಮೇಲೆ ನಮ್ಮ ಶಾಖೆಗೆ ಬರಲಿಲ್ಲ. ಮೂರು ನಾಲ್ಕು ವರ್ಷ ಕಳೆದು ಹುಡುಕಿಕೊಂಡು ಹೋದೆ. ಗಾಳೆಗೆ ಬೇರೆ ಬೀಗ ಬಿದ್ದಿತ್ತು. ಪಕ್ಕದವನು ಹೇಳಿದ: ಯಂತ್ರವನ್ನು ಕಿಲೋ ಲೆಕ್ಕದಲ್ಲಿ ಮಾರಿ ಹೋದ, ಈಗ ಎಲ್ಲೋ ವಾಚ್‌ಮನ್ ಅಂತೆ. ಊರಲ್ಲಿ 'ಕಂಪನಿಯಲ್ಲಿದ್ದಾನೆ' ಎಂದು ಹೇಳಿಕೊಂಡಿದ್ದಾನಂತೆ. ಊರಿನವರು ತಲೆಯಾಡಿಸಿರಬೇಕು.

ಮುಂದಿನ ಸಲ ಯಾರಾದರೂ "ಮಗ ಗ್ಯಾರೇಜಿನಲ್ಲಿದ್ದಾನೆ" ಎಂದರೆ ಮಳೆಯ ಮಾತು ಎತ್ತಬೇಡಿ. "ಏನು ಮಾಡಿದ್ದಾನೆ, ತಂದು ತೋರಿಸಲಿ" ಅನ್ನಿ. ನಾನು ಅವತ್ತು ನೋಡಿಯೂ ನೋಡದವನಂತೆ ಸಹಿ ಹಾಕಿದೆ. ನೀವಾದರೂ ನೋಡಿ.