ಅಕ್ಕಿಯ ಲೆಕ್ಕ, ಅನ್ನದ ಲೆಕ್ಕ

ಈ ಸಲದ ಅಂಕಣಕ್ಕೆ ನಮ್ಮದೇ ತಪ್ಪೊಂದು ವಸ್ತುವಾಗಿದೆ. ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದಾಗ, ವೈದ್ಯರು ಮಾತ್ರೆಯ ಜೊತೆಗೆ ಹೊತ್ತಿಗಿಷ್ಟು ಕ್ಯಾಲೊರಿ ಎಂದು ಚೀಟಿ ಬರೆದುಕೊಟ್ಟರು. ದಿನವಿಡೀ ಕಚೇರಿಯಲ್ಲಿ ಕೂಡಿ ಕಳೆಯುವ ನಮಗೆ ಇದೇನು ಮಹಾ ಎಂದುಕೊಂಡೆವು.

ನಾವಿರುವ ಹೈದರಾಬಾದಿನಲ್ಲೇ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. ಅದು 2017ರಲ್ಲಿ ಹೊರತಂದ ಕೋಷ್ಟಕಗಳಲ್ಲಿ 528 ಆಹಾರ ಪದಾರ್ಥಗಳ ವಿವರವುಂಟು. ಶಕ್ತಿಯ ಅಂಕಿ ಕಿಲೋಜೂಲಿನಲ್ಲಿದೆ, 4.18ರಿಂದ ಭಾಗಿಸಿದರೆ ನಮ್ಮ ಕ್ಯಾಲೊರಿ. ಬಿಳಿ ಅಕ್ಕಿ 100 ಗ್ರಾಮಿಗೆ ಸುಮಾರು 356 ಬಂತು. ಸರಿ, 100 ಗ್ರಾಂ ಅನ್ನ ತೂಗಿ ತಾಯಿಯವರಿಗೆ ಬಡಿಸಿದೆವು. ಎಂಟು ದಿನ ಅವರು ತುಟಿಪಿಟಕ್ಕೆನ್ನದೆ ಉಂಡರು. ಒಂಬತ್ತನೆಯ ದಿನ ಮಧ್ಯಾಹ್ನ ಮೈ ಬೆವರಿ, ಕೈ ನಡುಗಿ ಕುಳಿತುಬಿಟ್ಟರು. ಸಕ್ಕರೆ ನೀರು ಕುಡಿಸಿ ವೈದ್ಯರಲ್ಲಿಗೆ ಓಡಿದೆವು.

ಆ ರಾತ್ರಿ ನಮ್ಮ ಮನೆಯವರು ಕೋಷ್ಟಕ ನೋಡಿ, "ಇಲ್ಲಿರೋದು ಅಕ್ಕಿ. ನೀವು ತೂಗಿದ್ದು ಅನ್ನ ಅಲ್ವೇನ್ರೀ?" ಎಂದರು. ನೀರು ಹೀರಿದ ಅನ್ನ ಅಕ್ಕಿಯ ಮೂರರಷ್ಟು ತೂಗುತ್ತದೆ. ತಾಯಿಯವರ ಹೊಟ್ಟೆಗೆ ಹೋಗುತ್ತಿದ್ದುದು 356 ಅಲ್ಲ, 120ರ ಸುಮಾರು! ಬಿ.ಎ. ಓದಿದ್ದು ಸಾರ್ಥಕವಾಯಿತು.

ಈಗ ನಮ್ಮ ಕ್ರಮ ಹೀಗಿದೆ. ಪಾತ್ರೆಗೆ ಬೀಳುವುದನ್ನೆಲ್ಲ ಹಸಿಯಾಗಿಯೇ ತೂಗಿ ಕ್ಯಾಲೊರಿ ಕೂಡಿಸುವುದು; ಬೆಂದ ಮೇಲೆ ಒಟ್ಟು ತೂಕ ನೋಡಿ, ತಟ್ಟೆಗೆ ಬಂದ ಪಾಲಿಗೆ ಭಾಗಿಸುವುದು. ನಾಲ್ವರ ಉಪ್ಪಿಟ್ಟಿಗೆ 200 ಗ್ರಾಂ ರವೆ ಎಂದರೆ 670ರ ಹತ್ತಿರ. ಈರುಳ್ಳಿ, ಮೆಣಸಿನಕಾಯಿಗಳದು ಚಿಲ್ಲರೆ. ಆದರೆ ಎಣ್ಣೆ! ಗ್ರಾಮಿಗೆ 9ರಂತೆ 40 ಗ್ರಾಮಿಗೆ 360. ರವೆಯ ಅರ್ಧಕ್ಕಿಂತ ಹೆಚ್ಚು. ಕಣ್ಣಂದಾಜಿನಲ್ಲಿ ಸುರಿಯುವುದೂ ಅದನ್ನೇ. ಎಣ್ಣೆಯ ಮಿಳ್ಳೆಯನ್ನು ಒಗ್ಗರಣೆಗೆ ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಗುಟ್ಟು ರಟ್ಟಾಗುತ್ತದೆ.

ಪೊಟ್ಟಣದ ತಿಂಡಿಗೆ ಅಮೆರಿಕದ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರ ಹೆಸರಿನ ಸೂತ್ರ ಸಾಕು: ಸಸಾರಜನಕ ಮತ್ತು ಪಿಷ್ಟಕ್ಕೆ ಗ್ರಾಮಿಗೆ 4, ಕೊಬ್ಬಿಗೆ 9. ಬಿಸ್ಕತ್ತಿನ ಪೊಟ್ಟಣದ ಮೇಲೆ 7, 75, 14 ಎಂದಿದ್ದರೆ 28, 300, 126; ಒಟ್ಟು 454. ಇದು 100 ಗ್ರಾಮಿನ ಲೆಕ್ಕವೋ, ಎರಡು ಬಿಸ್ಕತ್ತಿನದೋ ಎಂಬುದನ್ನು ಮಾತ್ರ ಕನ್ನಡಕ ಹಾಕಿಕೊಂಡು ಓದಬೇಕು.

ತಾಯಿಯವರು ಈಗ ಚೆನ್ನಾಗಿದ್ದಾರೆ. ತಕ್ಕಡಿ ಅವರ ವಶದಲ್ಲಿದೆ. ನಾವು ಅದರ ಹತ್ತಿರ ಹೋದರೆ, "ಅಕ್ಕಿಯೋ, ಅನ್ನವೋ ಮಗಾ?" ಎಂದು ಕೇಳುತ್ತಾರೆ.